ಚೆನ್ನೆಮಣೆ ಹಿಡಿದು ಆಫ್ರಿಕಾಕ್ಕೆ

ಮಕ್ಕಳಿಗೆ ಆಫ್ರಿಕಾ ಪರಿಚಯಿಸುವಾಗ ಮೊದಲೇ ನಕ್ಷೆ ಬಿಡಿಸಬೇಡಿ. 54 ದೇಶಗಳ ಹೆಸರು ಬಾಯಿಪಾಠ ಮಾಡಿಸಲು ಹೋಗಿ ನಾನೇ ಒಮ್ಮೆ ಸೋತಿದ್ದೇನೆ. ಮೂರನೇ ದಿನ ತೀರ್ಥಹಳ್ಳಿಯ ನಮ್ಮ ಜಗಲಿಯಲ್ಲಿ ಬೆಕ್ಕು ಮಾತ್ರ ಉಳಿದಿತ್ತು.

ಅಟ್ಟದಿಂದ ಚೆನ್ನೆಮಣೆ ಇಳಿಸಿ. ನಮ್ಮದರಲ್ಲಿ ಸಾಲಿಗೆ ಏಳರಂತೆ 14 ಗುಳಿ. ಒಂದು ತುದಿಯ ಎರಡು ಗುಳಿ ಬಟ್ಟೆಯಿಂದ ಮುಚ್ಚಿ, ಉಳಿದ 12ಕ್ಕೆ ನಾಲ್ಕು ನಾಲ್ಕು ಹುಣಸೆಬೀಜ ಹಾಕಿ. ಇದು ಘಾನಾದ ಓವಾರೆ ಆಟ! ನಿಮ್ಮ ಕೊನೆಯ ಬೀಜ ಎದುರಿನವರ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಿಮ್ಮವು. ಎದುರಿನವರ ಸಾಲು ಪೂರ್ತಿ ಬರಿದಾದರೆ, ಸಾಧ್ಯವಿದ್ದಲ್ಲಿ ಅವರಿಗೆ ಬೀಜ ತಲುಪುವಂತೆಯೇ ಆಡಬೇಕು. "ಗೆಲ್ತಾ ಇರೋನು ಯಾಕಜ್ಜಿ ಕೊಡ್ಬೇಕು?" ಅಂತ ಮೊಮ್ಮಗ ಅರ್ಧ ಗಂಟೆ ಜಗಳ ಆಡಿದ. ಆಡಲಿ ಬಿಡಿ, ಆ ಜಗಳದಲ್ಲೇ ಘಾನಾ ತಲೆಗೆ ಇಳಿಯುತ್ತದೆ.

ನಕ್ಷೆ ಈಗ ತೆಗೆಯಿರಿ. ಘಾನಾ, ರಾಜಧಾನಿ ಅಕ್ರಾ, ಪಕ್ಕದಲ್ಲೇ ಐವರಿ ಕೋಸ್ಟ್. ಅಡಿಕೆ ತೋಟದಲ್ಲಿ ಕೋಕೋ ಗಿಡವಿದ್ದರೆ ಒಂದು ಕಾಯಿ ಒಡೆದು ಬಿಳಿ ತಿರುಳು ಚೀಪಿಸಿ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಎರಡೇ ದೇಶಗಳದು.

ಮರುದಿನ ಇಥಿಯೋಪಿಯಾ. ಅಲ್ಲಿ ಟೆಫ್ ಎಂಬ ಪುಟ್ಟ ಧಾನ್ಯದ ಹಿಟ್ಟು ಹುದುಗಿಸಿ, ದೊಡ್ಡ ಕಾವಲಿಯಲ್ಲಿ ಒಂದೇ ಮಗ್ಗುಲು ಬೇಯಿಸುವ ಇಂಜೆರಾ ಎಂಬ ದೋಸೆ ಉಂಟು. ಟೆಫ್ ನಮಗೆಲ್ಲಿ ಸಿಗಬೇಕು? ಹುಳಿ ಬಂದ ರಾಗಿ ಹಿಟ್ಟು ಹುಯ್ಯಿರಿ, ಮಗುಚಬೇಡಿ. ಒಂದೇ ತಟ್ಟೆಯ ಸುತ್ತ ಎಲ್ಲರೂ ಕೂತು ತಿನ್ನುವುದು ಅಲ್ಲಿನ ರೂಢಿ. ನಮ್ಮಲ್ಲಿ ಎಂಜಲು ಅಂತ ಅತ್ತೆ ಮುಖ ಸಿಂಡರಿಸಿದರು, ಮಕ್ಕಳು ಮಾತ್ರ ಎರಡನೇ ಸಲ ಹಾಕಿಸಿಕೊಂಡರು.