ಗೋಲು ಹೊಡೆಯದವನ ಕೆರಿಯರ್ ಬರೆಯೋದು ಹೇಗೆ? ಮಲೇಷ್ಯಾದ ಡಿಫೆಂಡರ್‌ಗಳ ಲೆಕ್ಕ

ಸ್ಟ್ರೈಕರ್ ಒಬ್ಬನ ಕೆರಿಯರ್ ಬರೆಯೋದು ಸುಲಭ. ಗೋಲು ಎಣಿಸಿದರೆ ಅರ್ಧ ಕೆಲಸ ಮುಗೀತು. ಡಿಫೆಂಡರ್ ವಿಷಯದಲ್ಲಿ ಆ ಅನುಕೂಲ ಇಲ್ಲ. ಅವನು ಚೆನ್ನಾಗಿ ಆಡಿದ ದಿನ ವರದಿಯಲ್ಲಿ ಅವನ ಹೆಸರೇ ಇರೋದಿಲ್ಲ, ತಪ್ಪಿದ ದಿನ ಮಾತ್ರ ತಲೆಬರಹಕ್ಕೇ ಬರುತ್ತಾನೆ. ನಾನೂ ಬೆಂಗಳೂರಿನ ಮೈದಾನಗಳಲ್ಲಿ ಸ್ಟಾಪರ್, ಅಂದರೆ ಡಿಫೆನ್ಸಿನ ನಡುವೆ ನಿಲ್ಲುವವನಾಗಿ ಆಡಿದವನು. ಹಾಗಾಗಿ ಈ ಹೊಟ್ಟೆಯುರಿ ನನಗೆ ಸ್ವಲ್ಪ ಜಾಸ್ತಿ. ಏಷ್ಯಾದ ಡಿಫೆಂಡರ್‌ಗಳ ಬಗ್ಗೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ, ಅದರಲ್ಲಿ ಮಲೇಷ್ಯಾದವರದೇ ದರ್ಬಾರು. ನೀವೂ ಅಂಥ ಒಬ್ಬರ ಬಗ್ಗೆ ಬರೆಯಬೇಕು ಅಂತಿದ್ದರೆ ನಾನು ಮಾಡುವ ರೀತಿ ಹೇಳುತ್ತೇನೆ.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ಮಲಯ್ ಆಟಗಾರನ ಹೆಸರಿನಲ್ಲಿ ‘ಬಿನ್’ ಆದ ಮೇಲೆ ಬರೋದು ಅಪ್ಪನ ಹೆಸರು. ಚೀನೀ ಮೂಲದವರಲ್ಲಿ ಮನೆತನದ ಹೆಸರು ಮುಂದೆ ಇರುತ್ತೆ. 1970ರ ದಶಕದ ಡಿಫೆಂಡರ್ ಸೋ ಚಿನ್ ಆನ್ ಅಂದರೆ ಸೋ ಮನೆಯವರು. ವಿಂಗ್‌ನಿಂದ ರೈಟ್ ಬ್ಯಾಕ್‌ಗೆ (ಬಲಬದಿಯ ಡಿಫೆಂಡರ್ ಜಾಗಕ್ಕೆ) ಬಂದ ಎಸ್. ಕುನಾನ್ಲನ್ ಅವರ ‘ಎಸ್’ ಅಂದರೆ ಸುಬ್ರಮಣಿಯಂ, ನಮ್ಮ ಇನಿಷಿಯಲ್ ಇದ್ದ ಹಾಗೇ. ಇದನ್ನು ನೋಡಿಕೊಳ್ಳದೆ ಹುಡುಕಿದರೆ ಮಗ ಆಡಿದ ಮ್ಯಾಚೆಲ್ಲ ಅಪ್ಪನ ಖಾತೆಗೆ ಜಮಾ ಆಗುತ್ತೆ.

ಆಮೇಲೆ ಒಂದು ಹಾಳೆ ತಗೊಂಡು ನಾಲ್ಕು ಕಾಲಂ ಹಾಕಿ. ವರ್ಷ, ತಂಡ, ಆಡಿದ ಜಾಗ (ಪೊಸಿಷನ್), ಪಕ್ಕದಲ್ಲಿ ಆಡಿದವನು. ಮೊದಲ ಎರಡು ಎಲ್ಲರೂ ಬರೆಯುತ್ತಾರೆ. ಮೂರನೆಯದು ಕೆಲವರು. ನಾಲ್ಕನೆಯದನ್ನು ಬರೆದವರನ್ನು ನಾನಂತೂ ನೋಡಿಲ್ಲ. ಆದರೆ ನನ್ನ ಕೇಳಿದರೆ ಅದೇ ಮುಖ್ಯ. ಸ್ಟಾಪರ್ ಒಂಟಿಯಾಗಿ ಆಡೋದಿಲ್ಲ. ಒಬ್ಬ ಮುಂದೆ ನುಗ್ಗಿ ಚೆಂಡಿಗೆ ಕಾಲು ಹಾಕಿದರೆ ಇನ್ನೊಬ್ಬ ಹಿಂದೆ ಸರಿದು ಆ ಜಾಗ ತುಂಬಬೇಕು. ವರ್ಷ ವರ್ಷ ಪಕ್ಕದವನು ಬದಲಾಗ್ತಾ ಇದ್ದರೆ ಎಂಥವನ ಆಟವೂ ಕೆಡುತ್ತೆ. 1970ರ ದಶಕದ ಮಲೇಷ್ಯಾ ತಂಡದ ಬಗ್ಗೆ ಹಳಬರನ್ನು ಕೇಳಿ ನೋಡಿ. ಸೋ ಚಿನ್ ಆನ್ ಹೆಸರಿನ ಬೆನ್ನಿಗೇ ಸಂತೋಖ್ ಸಿಂಗ್ ಹೆಸರು ಬರುತ್ತೆ. ಬಿಡಿಬಿಡಿಯಾಗಿ ಬರೆದರೆ ಇಬ್ಬರಿಗೂ ಅನ್ಯಾಯ.

ತಂಡದ ಕಾಲಂನಲ್ಲಿ ಒಂದೆರಡು ತೊಡಕಿದೆ. ಮಲೇಷ್ಯಾದಲ್ಲಿ ಬಹುಕಾಲ ಆಡಿದ್ದು ರಾಜ್ಯಗಳ ತಂಡಗಳು: ಸೆಲಂಗೋರ್, ಕೆಡಾ, ಪಹಾಂಗ್, ಮಲಾಕ್ಕಾ. 1921ರಲ್ಲಿ ಶುರುವಾದ ಮಲೇಷ್ಯಾ ಕಪ್ಪೇ ಅಲ್ಲಿನ ಜನರಿಗೆ ದೊಡ್ಡ ಹಬ್ಬ. ಸಿಂಗಪುರವೂ 1994ರವರೆಗೆ ಅದರಲ್ಲಿ ಆಡುತ್ತಿತ್ತು. ಈಗಿನ ಸೂಪರ್ ಲೀಗ್ ಬಂದಿದ್ದು 2004ರಲ್ಲಿ. ಹಾಗಾಗಿ ಹಳೇ ಆಟಗಾರನಿಗೆ ಲೀಗ್ ಪದಕ ಎಷ್ಟು ಅಂತ ಹುಡುಕೋದಕ್ಕಿಂತ ಕಪ್ ಫೈನಲ್ ಎಷ್ಟು ಆಡಿದ ಅಂತ ನೋಡಿ. ಹೊಸಬರಲ್ಲಿ ತೊಂದರೆ ಉಲ್ಟಾ. ಜೊಹೊರ್ ದಾರುಲ್ ತಾಝಿಮ್, ಅಂದರೆ ಜೆಡಿಟಿ, 2014ರಿಂದ ಲೀಗ್ ಪ್ರಶಸ್ತಿ ಬೇರೆಯವರಿಗೆ ಬಿಟ್ಟೇ ಇಲ್ಲ. ಅಲ್ಲಿ ಬೆಂಚ್ ಕಾಯ್ದವನ ಕೊರಳಲ್ಲೂ ಪದಕ ಇರುತ್ತೆ. ಪದಕ ಎಣಿಸಬೇಡಿ, ಮೊದಲ ಹನ್ನೊಂದರಲ್ಲಿ ಎಷ್ಟು ಸಲ ಇದ್ದ ಅನ್ನೋದನ್ನು ಎಣಿಸಿ.

2020ರಲ್ಲಿ ಯಾರದೇ ಅಂಕಿ ಧಡಕ್ಕನೆ ಇಳಿದಿದ್ದರೆ ಗಾಬರಿ ಬೇಡ. ಕೋವಿಡ್‌ನಿಂದಾಗಿ ಆ ವರ್ಷ ಪ್ರತಿ ತಂಡಕ್ಕೂ ಸಿಕ್ಕಿದ್ದು 11 ಲೀಗ್ ಪಂದ್ಯ ಅಷ್ಟೇ. ಮೊದಲು ಸೀಸನ್ ಸಾಮಾನ್ಯವಾಗಿ ಒಂದೇ ವರ್ಷದೊಳಗೆ ಮುಗಿಯುತ್ತಿತ್ತು. 2024–25ರಿಂದ ಎರಡು ವರ್ಷಕ್ಕೆ ಹರಡಿದೆ. ಕಾಲಂ ಹಾಕುವಾಗ ನೆನಪಿರಲಿ.

ಇನ್ನು ದೇಶಕ್ಕಾಗಿ ಆಡಿದ ಪಂದ್ಯಗಳು. ಇಲ್ಲೇ ಜಾಸ್ತಿ ಜಗಳ ಆಗೋದು. ಸೋ ಚಿನ್ ಆನ್ ಹುಟ್ಟಿದ್ದು 1950ರಲ್ಲಿ, ಮಲಾಕ್ಕಾದ ಅಲೋರ್ ಗಾಜಾದಲ್ಲಿ. ದೇಶದ ಪರ 1969ರಿಂದ 1984ರವರೆಗೆ ಆಡಿದರು. ಅಭಿಮಾನಿಗಳು ಅವರನ್ನು ‘ತೌಕೆ’ ಅಂತಾರೆ, ನಮ್ಮಲ್ಲಿ ಯಜಮಾನ್ರು ಅಂತೀವಲ್ಲ ಹಾಗೆ. ಫಿಫಾ ಲೆಕ್ಕದಲ್ಲಿ ಅವರದು 195 ಪಂದ್ಯ. ಇನ್ನೂರು ದಾಟಿಸಿ ಹೇಳುವವರೂ ಇದ್ದಾರೆ. ಯಾರೂ ಸುಳ್ಳು ಹೇಳ್ತಿಲ್ಲ. ಆಗ ರಾಷ್ಟ್ರೀಯ ತಂಡ ಕ್ಲಬ್‌ಗಳ ಜೊತೆ, ಬೇರೆ ದೇಶಗಳ ಬಿ ತಂಡಗಳ ಜೊತೆಯೂ ಆಡುತ್ತಿತ್ತು. ಅವನ್ನು ಸೇರಿಸಿದರೆ ಲೆಕ್ಕ ಏರುತ್ತೆ. ನೀವು ಯಾವ ಲೆಕ್ಕ ಹಿಡಿದಿದ್ದೀರಿ ಅಂತ ಬರೆದುಬಿಡಿ, ಜಗಳ ಮುಗೀತು.

ಅಂಕಿ ಬರೆದು ಸುಮ್ನೆ ಕೂರಬೇಡಿ. ದೊಡ್ಡ ಪಂದ್ಯ ಯಾವುದು ಅಂತ ನೋಡಿ. ಸೋ ವಿಷಯದಲ್ಲಿ 1972ರ ಮ್ಯೂನಿಕ್ ಒಲಿಂಪಿಕ್ಸ್ ಇದೆ. ಅಲ್ಲಿ ಮಲೇಷ್ಯಾ ಪಶ್ಚಿಮ ಜರ್ಮನಿಗೆ 3–0 ಸೋತು, ಅಮೆರಿಕವನ್ನು 3–0 ಸೋಲಿಸಿ, ಮೊರಾಕ್ಕೊ ಕೈಲಿ 6–0 ಹೊಡೆಸಿಕೊಂಡಿತು. ಒಂದೇ ವಾರದೊಳಗೆ ಇದೆಲ್ಲ! 1974ರ ಟೆಹರಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. 1980ರಲ್ಲಿ ಕ್ವಾಲಾಲಂಪುರದ ಮೆರ್ಡೆಕಾ ಸ್ಟೇಡಿಯಂನಲ್ಲಿ ದಕ್ಷಿಣ ಕೊರಿಯಾವನ್ನು 2–1 ಸೋಲಿಸಿ ಮಾಸ್ಕೋ ಟಿಕೆಟ್ ಗಿಟ್ಟಿಸಿದರು. ಆದರೆ ಮಲೇಷ್ಯಾ ಆ ಒಲಿಂಪಿಕ್ಸ್ ಬಹಿಷ್ಕರಿಸಿತು. ಗೆದ್ದೂ ಹೋಗಲಾಗದ ಆ ವರ್ಷವನ್ನು ಬಿಟ್ಟು ಸೋ ಬಗ್ಗೆ ಬರೆದರೆ ಅದು ಬರೀ ಪಟ್ಟಿ.

ಈ ಕಾಲದವರ ಬಗ್ಗೆ ಬರೆಯೋದಾದರೆ ಹುಟ್ಟಿದ ಊರಿನಿಂದ ಶುರು ಮಾಡಿ. ಡಿಯೋನ್ ಕೂಲ್ಸ್ ಹುಟ್ಟಿದ್ದು 1996ರಲ್ಲಿ, ಸರವಾಕ್‌ನ ಕುಚಿಂಗ್‌ನಲ್ಲಿ. ಬೆಳೆದಿದ್ದು ಬೆಲ್ಜಿಯಂನಲ್ಲಿ. ಕ್ಲಬ್ ಬ್ರೂಗ್, ಡೆನ್ಮಾರ್ಕ್‌ನ ಮಿಡ್‌ಯೂಲ್ಲಂಡ್, ಜೆಕ್ ಲೀಗ್‌ನ ಯಾಬ್ಲೊನೆಟ್ಸ್, ಆಮೇಲೆ ಥಾಯ್ಲೆಂಡ್‌ನ ಬುರಿರಾಮ್. ಬೆಲ್ಜಿಯಂನ 21 ವರ್ಷದೊಳಗಿನವರ ತಂಡಕ್ಕೆ ಆಡಿದವರು 2021ರಲ್ಲಿ ಮಲೇಷ್ಯಾ ಜೆರ್ಸಿ ಹಾಕಿದರು. ಬ್ರೂಗ್‌ನಲ್ಲಿ ರೈಟ್ ಬ್ಯಾಕ್, ಮಲೇಷ್ಯಾ ತಂಡದಲ್ಲಿ ಡಿಫೆನ್ಸಿನ ನಡುವೆ. ಮೂರನೇ ಕಾಲಂ ಯಾಕೆ ಬೇಕು ಅಂತ ಈಗ ಗೊತ್ತಾಯ್ತಲ್ವಾ? ಹೊರಗೆ ಹುಟ್ಟಿ ಅಜ್ಜ-ಅಜ್ಜಿಯ ಮೂಲ ತೋರಿಸಿ ಬಂದವರ ವಿಷಯದಲ್ಲಿ ಮಾತ್ರ ಹುಷಾರು. 2025ರ ಸೆಪ್ಟೆಂಬರ್‌ನಲ್ಲಿ ಇಂಥ ಏಳು ಆಟಗಾರರ ದಾಖಲೆ ತಿದ್ದಲಾಗಿದೆ ಅಂತ ಫಿಫಾ ಆ ಆಟಗಾರರಿಗೂ ಮಲೇಷ್ಯಾ ಫುಟ್‌ಬಾಲ್ ಸಂಸ್ಥೆಗೂ ಶಿಕ್ಷೆ ವಿಧಿಸಿತು.

ಕೊನೆಗೆ ಆಟ ನೋಡಲೇಬೇಕು. ನನ್ನ ಪಾಠ ಶುರುವಾಗಿದ್ದು ಕಂಠೀರವದಲ್ಲಿ, 2016ರ ಅಕ್ಟೋಬರ್ 19ರಂದು. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್, ಹಿಂದಿನ ವರ್ಷದ ಚಾಂಪಿಯನ್ ಜೆಡಿಟಿ ಎದುರು ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ). ಜೊಹೊರ್ ಬಾರುವಿನಲ್ಲಿ 1–1 ಆಗಿತ್ತು. ಇಲ್ಲಿ ಸಫೀಕ್ ರಹೀಮ್ ಬೇಗನೇ ಗೋಲು ಹೊಡೆದು ಸ್ಟೇಡಿಯಂ ಬಾಯಿ ಮುಚ್ಚಿಸಿದರು. ಆಮೇಲೆ ಚೆಟ್ರಿ ಎರಡು, ಹುವಾನನ್ ಒಂದು, 3–1. ಚೆಟ್ರಿಯ ಮೊದಲನೆಯದು ಕಾರ್ನರ್‌ಗೆ ಕೊಟ್ಟ ಹೆಡರ್, ಹುವಾನನ್ ಅವರದೂ ಹೆಡರೇ. ಅಷ್ಟು ದುಡ್ಡಿನ ತಂಡ ಗಾಳಿಯಲ್ಲಿ ಬಂದ ಚೆಂಡಿಗೆ ಸಿಕ್ಕಿಬಿತ್ತು.

ಇಂಥ ಪಂದ್ಯದ ವಿಡಿಯೊ ಸಿಕ್ಕರೆ ಚೆಂಡನ್ನು ಬಿಟ್ಟು ನಿಮ್ಮ ಡಿಫೆಂಡರ್ ಒಬ್ಬನನ್ನೇ ನೋಡಿ. ಕಾರ್ನರ್ ಹೊಡೆಯುವ ಮೊದಲು ತಲೆ ತಿರುಗಿಸಿ ಹಿಂದೆ ನೋಡ್ತಾನಾ? ತನ್ನ ಆಳನ್ನು ಕೈಯಿಂದ ಮುಟ್ಟಿಕೊಂಡಿರ್ತಾನಾ, ಇಲ್ಲಾ ಚೆಂಡನ್ನೇ ನೋಡ್ತಾ ಮೈಮರೀತಾನಾ? ಚೆಂಡು ಆಚೆ ಹೋದ ಮೇಲೆ ಕೂಗಿ ಸಾಲನ್ನು ಮುಂದೆ ತಳ್ಳುವವನು ಯಾರು? ಮೊದಲ ಇಪ್ಪತ್ತು ನಿಮಿಷ, ಕಡೆಯ ಇಪ್ಪತ್ತು ನಿಮಿಷ ನೋಡಿದರೆ ಸಾಕು. ಸುಸ್ತಾದ ಮೇಲೂ ತಲೆ ತಿರುಗಿಸುವವನಿದ್ದರೆ ಅವನ ಹೆಸರಿನ ಕೆಳಗೆ ಗೆರೆ ಎಳೆಯಿರಿ. ವಿಡಿಯೊ ಸಿಗದ ಹಳಬರಾದರೆ ನಾಲ್ಕನೇ ಕಾಲಂ ತುಂಬಿ, ಆ ಜೋಡಿ ಎಷ್ಟು ವರ್ಷ ಉಳಿಯಿತು ಅಂತ ನೋಡಿ.