ಬಾಯಿಯ ಸುತ್ತ ಕೆಂಪಾದಾಗ ನಾನು ಕೇಳುವ ಪ್ರಶ್ನೆ

ಬೆಂಗಳೂರಿನಲ್ಲಿ ಚರ್ಮರೋಗ ವೈದ್ಯೆಯಾಗಿ ನನ್ನ ಹತ್ತಿರ ಬರುವ ಕಾಲೇಜು ಹುಡುಗ ಹುಡುಗಿಯರಲ್ಲಿ ತುಟಿ ಸಿಪ್ಪೆ ಎದ್ದಿದ್ದರೆ, ಬಾಯಿಯ ಸುತ್ತ ಕೆಂಪಾಗಿ ಉರಿ ಇದ್ದರೆ, ‘ಸ್ಮೋಕ್ ಮಾಡ್ತೀಯಾ?’ ಅಂತ ಕೇಳಿ ಸುಮ್ಮನಾಗುವುದಿಲ್ಲ. ‘ಇಲ್ಲ ಮೇಡಂ’ ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ವೇಪ್, ಅಂದರೆ ಇ-ಸಿಗರೇಟ್, ಅವರ ಲೆಕ್ಕಕ್ಕೇ ಬರುವುದಿಲ್ಲ. 2019ರಲ್ಲಿ ಇ-ಸಿಗರೇಟ್ ಮಾರಾಟ ನಿಷೇಧವಾದ ಮೇಲಂತೂ ಬಾಯಿ ಬಿಡಲು ಭಯ. ಹಾಗಾಗಿ ಅಪ್ಪ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ‘ವೇಪ್ ಎಳೀತೀಯಾ? ಯಾವ ಫ್ಲೇವರ್?’ ಎಂದು ನೇರವಾಗಿಯೇ ಕೇಳುತ್ತೇನೆ.

ಆಮೇಲೆ, ಹಚ್ಚುತ್ತಿರುವ ಕ್ರೀಮುಗಳನ್ನೆಲ್ಲ ಮೇಜಿನ ಮೇಲಿಡಲು ಹೇಳುತ್ತೇನೆ. ವೇಪ್ ದ್ರವದ ಮುಖ್ಯ ಪದಾರ್ಥಗಳಲ್ಲಿ ಒಂದಾದ ಪ್ರೊಪಿಲೀನ್ ಗ್ಲೈಕಾಲ್ ಕೆಲವರ ಚರ್ಮಕ್ಕೆ ಉರಿ ತರುತ್ತದೆ, ಕೆಲವರಿಗೆ ಅಲರ್ಜಿಯನ್ನೇ ಮಾಡುತ್ತದೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2018ರಲ್ಲಿ ಇದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಇದೇ ಪದಾರ್ಥ ಎಷ್ಟೋ ಸ್ಟೀರಾಯ್ಡ್ ಕ್ರೀಮುಗಳಲ್ಲೂ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕ್ರೀಮನ್ನು ಹಚ್ಚಿದರೆ ನಾಲ್ಕು ದಿನ ತಣ್ಣಗಿದ್ದ ಚರ್ಮ ಮತ್ತೆ ಕೆಂಪಾಗುತ್ತದೆ. ಬರೀ ಸ್ಟೀರಾಯ್ಡಿನಿಂದಲೂ ಹೀಗಾಗುವುದುಂಟು. ಅದಕ್ಕೇ ಟ್ಯೂಬಿನ ಸಣ್ಣಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದುತ್ತೇನೆ.

ಅನುಮಾನ ಉಳಿದರೆ ಪ್ಯಾಚ್ ಟೆಸ್ಟ್. ಅನುಮಾನದ ಪದಾರ್ಥಗಳನ್ನು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನ ನೀರು ತಾಗಿಸದೆ ಬಿಟ್ಟು, ಕಿತ್ತು ನೋಡಿ, ಮತ್ತೆರಡು ದಿನ ಕಳೆದು ಇನ್ನೊಮ್ಮೆ ನೋಡಬೇಕು. ಈ ಎರಡನೇ ಸಲದ ನೋಟವನ್ನು ನಾನು ಯಾವತ್ತೂ ಬಿಡುವುದಿಲ್ಲ. ಮೊದಲು ಕಂಡ ತೆಳು ಕೆಂಪು ಅಷ್ಟರಲ್ಲಿ ಮಾಸಿದ್ದರೆ ಸಾಮಾನ್ಯವಾಗಿ ಅದು ಬರೀ ಉರಿ. ಜಾಸ್ತಿಯಾಗಿ, ಸಾಸಿವೆ ಕಾಳಿನಂಥ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅಲರ್ಜಿಯೆಂದೇ ಹಿಡಿಯುತ್ತೇನೆ. ಅಂಥವರಿಗೆ ಕ್ರೀಮುಗಳನ್ನೆಲ್ಲ ನಿಲ್ಲಿಸಿ ಬರೀ ಪೆಟ್ರೋಲಿಯಂ ಜೆಲ್ಲಿ ಕೊಡುತ್ತೇನೆ, ವೇಪನ್ನೂ ಬಿಡಿಸುತ್ತೇನೆ.

ವೇಪಿನಿಂದಲೇ ಮೊಡವೆ ಬರುತ್ತದೆ ಅಂತ ಯಾರನ್ನೂ ಹೆದರಿಸುವುದಿಲ್ಲ. ಹಾಗೆ ಹೇಳುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುವುದು ಮಾತ್ರ ಖಂಡಿತ. ಚರ್ಮದ ಶಸ್ತ್ರಚಿಕಿತ್ಸೆ ಆಗಬೇಕಿದ್ದರೆ, ಗಾಯ ಬೇಗ ಮಾಯಲೆಂದು ಕೆಲವು ವಾರ ಮೊದಲೇ ನಿಲ್ಲಿಸಲು ಹೇಳುತ್ತೇನೆ. ಒಬ್ಬರಿಗೇ ಬಿಡಲು ಕಷ್ಟವಾದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ. ಅದರ ಒಂದು ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಔಷಧಿ ಚೀಟಿಯ ಮೇಲೆಯೇ ಬರೆದುಕೊಡುತ್ತೇನೆ.