ಪ್ರಶ್ನೆ ಬರೆದಿಟ್ಟು ಪುಸ್ತಕ ತೆರೆದದ್ದು: ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಇಬ್ಬರು ಗೆಳೆಯರೊಂದಿಗೆ ಖೋಲಿ ಹಿಡಿದು, ಖಾನಾವಳಿಯಲ್ಲಿ ಊಟ ಮಾಡುತ್ತ, ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ತಯಾರಿ ನಡೆಸಿದ ಮೊದಲ ವರ್ಷ ನಾನು ದಿನಕ್ಕೆ ಹತ್ತು ತಾಸು ಓದುತ್ತಿದ್ದೆ. ಸಂವಿಧಾನದ ಪುಸ್ತಕವನ್ನು ಮೂರು ಸಲ ಮುಗಿಸಿದ್ದೆ. ಮುಖ್ಯವೆನಿಸಿದ ಸಾಲುಗಳ ಮೇಲೆಲ್ಲ ಹಳದಿ ಬಣ್ಣ ಎಳೆಯುತ್ತ ಹೋಗಿ, ಕೊನೆಗೆ ಬಣ್ಣ ಬೀಳದ ಸಾಲುಗಳೇ ಕಡಿಮೆ ಎನ್ನುವ ಸ್ಥಿತಿಗೆ ಆ ಪುಸ್ತಕ ಬಂದಿತ್ತು. ಆದರೂ ಆ ವರ್ಷ ನಾನು ಆಯ್ಕೆಯಾಗಲಿಲ್ಲ.

ಫಲಿತಾಂಶ ಬಂದ ಮೇಲೆ ಸವಣೂರು ತಾಲ್ಲೂಕಿನ ನಮ್ಮ ಊರಿಗೆ ಹೋಗಿದ್ದೆ. ಅವ್ವ ಆಗ ಗ್ರಾಮ ಪಂಚಾಯಿತಿಯ ಸದಸ್ಯೆ. ಒಂದು ಸಂಜೆ ರೊಟ್ಟಿ ಬಡಿಯುತ್ತ ಅವಳು ಕೇಳಿದಳು: “ತಮ್ಮಾ, ನಮ್ಮ ಐದ ವರ್ಷದ ಅವಧಿ ಯಾವತ್ತಿನಿಂದ ಎಣಸ್ತಾರಪಾ? ಆರಿಸಿ ಬಂದ ದಿನದಿಂದೋ, ಮೀಟಿಂಗ್ ಕರದ ದಿನದಿಂದೋ?” ಐದು ವರ್ಷ ಎಂಬುದು ನನಗೆ ಗೊತ್ತಿತ್ತು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 1992ರ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತೆಂಬುದೂ ನಾಲಿಗೆಯ ತುದಿಯಲ್ಲಿತ್ತು. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರವಿರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ನೋಡಿದರೆ, 243ಇ ವಿಧಿಯ ವಿವರಣೆಯ ಮೊದಲ ಸಾಲಿನಲ್ಲಿಯೇ ಅದಿತ್ತು: ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ. ಆ ಸಾಲಿಗೆ ನಾನೇ ಹಳದಿ ಬಣ್ಣ ಎಳೆದಿದ್ದೆ. ಮೂರು ಸಲ ಕಣ್ಣಾಡಿಸಿದ್ದು ನಿಲ್ಲಲಿಲ್ಲ; ಅವ್ವನಿಗೆ ಒಂದು ಸಲ ಓದಿ ಹೇಳಿದ್ದು ಇವತ್ತಿಗೂ ಮರೆತಿಲ್ಲ. ಅವಳು ಕೇಳಿದ್ದರಿಂದ ಆ ಸಾಲಿನಲ್ಲಿ ಏನನ್ನು ಹುಡುಕಬೇಕೆಂಬುದು ನನಗೆ ಮೊದಲೇ ತಿಳಿದಿತ್ತು.

ಧಾರವಾಡಕ್ಕೆ ಮರಳಿದ ಮೇಲೆ ನಾನು ಮಾಡಿದ ಮೊದಲ ಬದಲಾವಣೆಯೆಂದರೆ, ಪ್ರಶ್ನೆ ಬರೆಯದೆ ಯಾವ ಅಧ್ಯಾಯವನ್ನೂ ಓದಲು ತೊಡಗುವುದಿಲ್ಲ ಎಂಬ ಕಟ್ಟುಪಾಡು. ಹತ್ತು ನಿಮಿಷ ಶೀರ್ಷಿಕೆ, ಉಪಶೀರ್ಷಿಕೆ, ಕೋಷ್ಟಕಗಳನ್ನಷ್ಟೇ ತಿರುವಿ ನೋಡಿ, ನೋಟ್‌ಬುಕ್ಕಿನ ಎಡಬದಿಗೆ ಏಳೆಂಟು ಪ್ರಶ್ನೆ ಬರೆದುಕೊಂಡು, ಅನಂತರವೇ ಓದಲು ಕೂಡುತ್ತಿದ್ದೆ. ಇದು ನಾನು ಕಂಡುಹಿಡಿದ ಉಪಾಯವೇನಲ್ಲ. ಅಮೆರಿಕದ ಫ್ರಾನ್ಸಿಸ್ ರಾಬಿನ್ಸನ್ ಎಂಬ ಶಿಕ್ಷಣ ಮನೋವಿಜ್ಞಾನಿ 1946ರಲ್ಲಿಯೇ ಇದನ್ನು ಕ್ರಮಬದ್ಧವಾಗಿ ವಿವರಿಸಿದ್ದರು.

ಮೊದಮೊದಲು ನನ್ನ ಪ್ರಶ್ನೆಗಳೇ ಸರಿಯಿರಲಿಲ್ಲ. “ರಾಷ್ಟ್ರಕೂಟರ ಬಗ್ಗೆ ಏನು ತಿಳಿಯಬೇಕು?” ಎಂದು ಬರೆದುಕೊಂಡರೆ ಪ್ರಶ್ನೆ ಬರೆಯದೆ ಓದಿದಂತೆಯೇ ಆಗುತ್ತಿತ್ತು, ಏಕೆಂದರೆ ಅಂಥ ಪ್ರಶ್ನೆಗೆ ಯಾವ ಸಾಲೂ ಉತ್ತರವಾಗಬಹುದು, ಯಾವುದೂ ಆಗದೆಯೂ ಇರಬಹುದು. ಇಸವಿಯನ್ನಷ್ಟೇ ಕೇಳಿಕೊಂಡರೆ ಇಸವಿ ಮಾತ್ರ ಸಿಕ್ಕು, ಎರಡು ದಿನದಲ್ಲಿ ಬೇರೊಂದು ಇಸವಿಯೊಡನೆ ಕಲೆತುಹೋಗುತ್ತಿತ್ತು. ಉದಾಹರಣೆಗೆ, ಅತ್ತಿಮಬ್ಬೆಗೆ ಸಂಬಂಧಿಸಿದ 993 ಮತ್ತು 1007 ನನಗೆ ಸದಾ ಅದಲುಬದಲಾಗುತ್ತಿದ್ದವು. ಒಂದು ಭಾನುವಾರ ಗದಗಿನಿಂದ ಬಸ್ಸು ಹಿಡಿದು, ಅತ್ತಿಮಬ್ಬೆ ಕಟ್ಟಿಸಿದ ಬಸದಿ ನೋಡಲು ಲಕ್ಕುಂಡಿಗೆ ಹೋಗುವ ಮುನ್ನ, “ಈ ಬಸದಿ ಕಟ್ಟಿಸುವ ಹೊತ್ತಿಗೆ ಅತ್ತಿಮಬ್ಬೆ ಬೇರೆ ಏನನ್ನು ಮಾಡಿ ಮುಗಿಸಿದ್ದಳು?” ಎಂದು ಬರೆದುಕೊಂಡೆ. ಆಗ ಓದಿದ್ದೆಲ್ಲ ಸಾಲಾಗಿ ಕೂಡಿಕೊಂಡಿತು: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದಳು, ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ್ದ, ಅದಾಗಿ 14 ವರ್ಷಕ್ಕೆ, 1007ರಲ್ಲಿ, ಬ್ರಹ್ಮಜಿನಾಲಯವಾಯಿತು. ಮೊದಲು ಕಾವ್ಯ, ಆಮೇಲೆ ಬಸದಿ. ನವರಂಗದಲ್ಲಿರುವ ಚತುರ್ಮುಖ ಬ್ರಹ್ಮನ ಮೂರ್ತಿಯ ಎದುರು ನಿಂತು ಈ ಕ್ರಮವನ್ನು ಒಮ್ಮೆ ಮನಸ್ಸಿನಲ್ಲಿಯೇ ಹೇಳಿಕೊಂಡೆ. ಆಮೇಲೆ ಆ ಎರಡು ಇಸವಿಗಳು ಎಂದೂ ಅದಲುಬದಲಾಗಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಉದ್ದೇಶವಿಟ್ಟು ಓದುವುದೆಂದರೆ “ಇದನ್ನು ನೆನಪಿಟ್ಟೇ ತೀರುತ್ತೇನೆ” ಎಂದು ಹಠ ಹಿಡಿಯುವುದಲ್ಲ. ಆ ಹಠ ಮೊದಲ ವರ್ಷವೂ ನನಗೆ ಬೇಕಾದಷ್ಟಿತ್ತು. 1969ರಲ್ಲಿ ಹೈಡ್ ಮತ್ತು ಜೆಂಕಿನ್ಸ್ ಎಂಬ ಸಂಶೋಧಕರು ನಡೆಸಿದ ಪ್ರಯೋಗವೊಂದರಲ್ಲಿ, ನೆನಪಿಡಿರೆಂದು ಹೇಳಿಸಿಕೊಂಡವರಷ್ಟೇ ಪದಗಳನ್ನು, ಪ್ರತಿ ಪದವೂ ಹಿತವೋ ಅಹಿತವೋ ಎಂದು ತೂಗಿ ನೋಡಲು ಹೇಳಿಸಿಕೊಂಡವರೂ ನೆನಪಿಟ್ಟಿದ್ದರು. ಪದದಲ್ಲಿ ಇಂಥ ಅಕ್ಷರವಿದೆಯೇ ಎಂದಷ್ಟೇ ಹುಡುಕಿದವರು ಹಿಂದೆ ಬಿದ್ದಿದ್ದರು. ಅಂದರೆ ಓದುವಾಗ ಅರ್ಥದೊಡನೆ ಮನಸ್ಸು ಏನು ಕೆಲಸ ಮಾಡುತ್ತದೆಂಬುದರ ಮೇಲೆ ನೆನಪು ನಿಂತಿದೆ. ಒಳ್ಳೆಯ ಪ್ರಶ್ನೆ ಆ ಕೆಲಸವನ್ನು ಮಾಡಿಸುತ್ತದೆ.

ನನಗೆ ಹೆಚ್ಚು ಉಪಯೋಗವಾದ ಇನ್ನೊಂದು ಪ್ರಯೋಗ 1977ರ ಪಿಚರ್ಟ್ ಮತ್ತು ಆಂಡರ್ಸನ್ ಅವರದು. ಇಬ್ಬರು ಹುಡುಗರು ಒಂದು ಮನೆಯಲ್ಲಿ ಸುತ್ತಾಡುವ ಒಂದೇ ಕಥೆಯನ್ನು ಕೆಲವರು ಕಳ್ಳನ ಕಣ್ಣಿನಿಂದ, ಕೆಲವರು ಮನೆ ಕೊಳ್ಳುವವನ ಕಣ್ಣಿನಿಂದ ಓದಿದರು. ಯಾರಿಗೆ ಯಾವ ವಿವರ ಮುಖ್ಯವೋ ಅದೇ ಅವರ ನೆನಪಿನಲ್ಲಿ ಉಳಿಯಿತು. ಮರುವರ್ಷ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಓದಿ ಮುಗಿಸಿದವರಿಗೆ ಈಗ ಇನ್ನೊಬ್ಬನ ಕಣ್ಣಿನಿಂದ ನೆನಪಿಸಿಕೊಳ್ಳಿ ಎಂದಾಗ, ಮೊದಲು ಹೇಳದಿದ್ದ ಕೆಲವು ವಿವರಗಳೂ ಹೊರಬಂದವು. ಇದನ್ನು ತಿಳಿದ ಮೇಲೆ ಪಂಚಾಯತ್ ರಾಜ್ ಅಧ್ಯಾಯವನ್ನು ನಾನು ಮೂರು ಬಗೆಯಾಗಿ ಓದಿದೆ. ಮೊದಲು ಅವ್ವನಾಗಿ, ಅಂದರೆ ಸದಸ್ಯೆಯಾಗಿ: ನನ್ನ ಅವಧಿ ಎಷ್ಟು, ಮಹಿಳೆಯರ ಮೀಸಲಾತಿ ಎಷ್ಟು, ಯಾವ ಕಾರಣಕ್ಕೆ ಅನರ್ಹಳಾಗುತ್ತೇನೆ? ಆಮೇಲೆ ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಿ: ಹಣ ಎಲ್ಲಿಂದ ಬರುತ್ತದೆ, ಲೆಕ್ಕ ಯಾರು ನೋಡುತ್ತಾರೆ, ಹಣಕಾಸು ಆಯೋಗ ಎಷ್ಟು ವರ್ಷಕ್ಕೊಮ್ಮೆ? ಕೊನೆಗೆ ಮತದಾರನಾಗಿ: ಚುನಾವಣೆ ನಡೆಸುವವರು ಯಾರು, ಪಂಚಾಯಿತಿ ವಿಸರ್ಜನೆಯಾದರೆ ಎಷ್ಟು ತಿಂಗಳೊಳಗೆ ಚುನಾವಣೆ ಆಗಬೇಕು? ಮೂರನೆಯ ಓದಿಗೆ ಅರ್ಧ ತಾಸೂ ಹಿಡಿಯಲಿಲ್ಲ, ಹೊಸದಾಗಿ ಸಿಕ್ಕ ವಿವರಗಳು ಮಾತ್ರ ಬಹಳ.

ಓದಿದ ಮೇಲೆ ಪುಸ್ತಕ ಮುಚ್ಚಿ, ಎಡಬದಿಯ ಪ್ರಶ್ನೆಗಳಿಗೆ ಬಲಬದಿಯಲ್ಲಿ ನೆನಪಿನಿಂದಲೇ ಉತ್ತರ ಬರೆಯುತ್ತಿದ್ದೆ. ಮೊದಲ ವಾರ ಎಂಟರಲ್ಲಿ ಮೂರೂ ಬರುತ್ತಿರಲಿಲ್ಲ. ಮತ್ತೆ ಓದಿಬಿಡೋಣ ಎಂಬ ಆಸೆ ಬಲವಾಗಿತ್ತು, ಏಕೆಂದರೆ ಮತ್ತೆ ಓದಿದಾಗ ಎಲ್ಲವೂ ಗೊತ್ತಿದೆ ಎನಿಸುತ್ತದೆ. ಆ ಅನಿಸಿಕೆಯನ್ನು ನಂಬಬಾರದೆಂದು ನಾನು ಕಲಿತದ್ದು ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಅಧ್ಯಯನದಿಂದ. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು, ಶೇ 81. ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರದು ಶೇ 75. ಒಂದು ವಾರ ಕಳೆದಾಗ ಮತ್ತೆ ಓದಿದವರಿಗೆ ಶೇ 42 ಉಳಿದಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ 56. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲವಲ್ಲ.

ಉತ್ತರ ಬಾರದ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು, ರಟ್ಟಿನಿಂದ ಐದು ಖಾನೆ ಮಾಡಿದ ಬೂಟಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೆ, ಮೂರನೆಯದನ್ನು ವಾರಕ್ಕೆ, ಉಳಿದೆರಡನ್ನು ಇನ್ನೂ ತಡವಾಗಿ ನೋಡುವುದು. ಸರಿ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ. ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಜುಬಿಲಿ ಸರ್ಕಲ್‌ನಿಂದ ಉಣಕಲ್‌ವರೆಗೆ ಇಪ್ಪತ್ತು ಚೀಟಿಗಳಾದರೂ ಆಗುತ್ತಿದ್ದವು. ರಾತ್ರಿ ಎರಡರವರೆಗೆ ಎಚ್ಚರವಿರುವುದನ್ನು ಬಿಟ್ಟು ಹನ್ನೊಂದಕ್ಕೆ ಮಲಗತೊಡಗಿದೆ. ಓದುವ ತಾಸುಗಳು ಹತ್ತರಿಂದ ಆರಕ್ಕೆ ಇಳಿದವು. ಮರುವರ್ಷ ಆಯ್ಕೆಯಾದೆ.

ಈ ಕ್ರಮಕ್ಕೆ ಸುಲಭವಾಗಿ ಒಗ್ಗದ್ದು ಪಟ್ಟಿಗಳು. ಪಂಚಾಯಿತಿಗಳಿಗೆ ವಹಿಸಬಹುದಾದ ಕೆಲಸಗಳನ್ನು ಪಟ್ಟಿ ಮಾಡುವ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ “ಏಕೆ” ಎಂದು ಕೇಳುವಂಥದ್ದು ಏನೂ ಇಲ್ಲವೆಂದು ಬಹಳ ದಿನ ಕೈಬಿಟ್ಟಿದ್ದೆ. ಕೊನೆಗೆ “ನಮ್ಮ ಊರಿನಲ್ಲಿ ನಡೆದುಹೋಗುವಾಗ ಇವುಗಳಲ್ಲಿ ಯಾವುದು ಎಲ್ಲಿ ಕಾಣುತ್ತದೆ?” ಎಂದು ಪ್ರಶ್ನೆ ಹಾಕಿಕೊಂಡೆ. ಹೊಲದಿಂದ ಹೊರಟರೆ ಕೃಷಿ, ಸಣ್ಣ ನೀರಾವರಿ, ಪಶುಸಂಗೋಪನೆ, ಮೇವು, ಕೆರೆಯಲ್ಲಿ ಮೀನುಗಾರಿಕೆ, ಊರೊಳಗೆ ಬಂದರೆ ರಸ್ತೆ, ವಿದ್ಯುತ್ತು, ಕುಡಿಯುವ ನೀರು, ಶಾಲೆ, ಗ್ರಂಥಾಲಯ, ಆರೋಗ್ಯ ಕೇಂದ್ರ, ಪಡಿತರ ಅಂಗಡಿ, ಸಂತೆ, ಜಾತ್ರೆ. ಹೀಗೆ 26ರವರೆಗೆ ತಡವರಿಸದೆ ಹೇಳುತ್ತೇನೆ. ಅಸಾಂಪ್ರದಾಯಿಕ ಇಂಧನ, ಕಿರು ಅರಣ್ಯ ಉತ್ಪನ್ನ, ಸಮುದಾಯ ಆಸ್ತಿಗಳ ನಿರ್ವಹಣೆ, ಈ ಮೂರರ ಚೀಟಿಗಳು ಮಾತ್ರ ಇನ್ನೂ ಮೊದಲ ಖಾನೆಯಲ್ಲಿವೆ.